ತೊಳೆಯದ ಹಲ್ಲು

ಜನವರಿ ೧೨

ಮಾವನವರಿಗೆ,

ಹಲ್ಲು ಕಚ್ಚಿಕೊಂಡು ಮಾಡುತ್ತಿರುವ ನಮಸ್ಕಾರಗಳು.

ನೀವು ಕಳಿಸಿದ ಐಸ್ ಡಬ್ಬಿ ನಿನ್ನೆ ಬೆಳಿಗ್ಗೆ ಲ್ಯಾಬಿಗೆ ಬಂತು. ಎಲ್ಲರೂ ಮೇಜಿನ ಸುತ್ತ ನೆರೆದಿದ್ದರು. "ನಮ್ಮ ಸೋದರಮಾವ ಮೂವತ್ತೈದು ವರ್ಷದಿಂದ ಹಲ್ಲಿನ ಡಾಕ್ಟ್ರು. ಅವರ ಕೈಯಿಂದ ಬರೋ ಹಲ್ಲು ಅಂದ್ರೆ ಸುಮ್ನೆ ಅಲ್ಲ" ಎಂದು ನಾನು ಮೊದಲೇ ಜಂಬ ಕೊಚ್ಚಿಕೊಂಡಿದ್ದೆ. ಮುಚ್ಚಳ ತೆಗೆದೆ. ಐದು ಸೀಸೆಗಳಲ್ಲಿ ಐದು ಹಲ್ಲು, ಒಂದೊಂದೂ ಮುತ್ತಿನ ಹಾಗೆ ಫಳಫಳ ಹೊಳೆಯುತ್ತಿತ್ತು. ನಮ್ಮ ಗೈಡ್ ಮೇಡಂ ಒಂದನ್ನು ಚಿಮಟದಲ್ಲಿ ಎತ್ತಿ ಬೆಳಕಿಗೆ ಹಿಡಿದರು. "ನಿಮ್ಮ ಮಾವ ಇದನ್ನ ಉಂಗುರಕ್ಕೆ ಕೂರಿಸೋಕೆ ಕಳಿಸಿದಾರಾ?" ಎಂದರು.

ಮಾವ, ಹಲ್ಲು ತೊಳೆದಿರಾ? ಬೇರನ್ನೂ ಕೆರೆದಿರಾ?

ನನಗೆ ಬೇಕಾದದ್ದು ಹಲ್ಲಲ್ಲ. ಬೇರಿಗೆ ಅಂಟಿಕೊಂಡು ಬರುತ್ತದಲ್ಲ, ಆ ತೆಳು ಪೊರೆ. ಹಲ್ಲನ್ನು ದವಡೆಯ ಮೂಳೆಗೆ ಹಿಡಿದು ನಿಲ್ಲಿಸುವುದು ಅದೇ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಅದರೊಳಗೆ ಸ್ಟೆಮ್ ಸೆಲ್‌ಗಳಿರುತ್ತವೆ. ಅಂದರೆ ಮುಂದೆ ಏನಾಗಬೇಕೆಂದು ಇನ್ನೂ ತೀರ್ಮಾನಿಸದ ಕೋಶಗಳು. ಅಪ್ಪ ಅಮ್ಮ ನನ್ನ ವಿಷಯದಲ್ಲಿ ಹೇಳುತ್ತಾರಲ್ಲ, ಹಾಗೆ. ಅವನ್ನು ಕೆರೆದು ತೆಗೆದು, ತಟ್ಟೆಯಲ್ಲಿ ಬೆಳೆಸಿ, ಯಾವ ಪ್ರೋಟೀನನ್ನು ಎಷ್ಟು ತಯಾರಿಸುತ್ತವೆ ಎಂದು ನೋಡುವುದು ನನ್ನ ಕೆಲಸ. ನೀವು ಆ ಕೆರೆಯುವ ಕೆಲಸವನ್ನು ಮೊದಲೇ ಮುಗಿಸಿ, ಕೆರೆದದ್ದನ್ನು ಬಚ್ಚಲಿಗೆ ಬಿಟ್ಟಿದ್ದೀರಿ.

ಫೋನಿನಲ್ಲಿ ಹೇಳೋಣವೆಂದರೆ ನೀವು ಸ್ಪೀಕರ್ ಹಾಕುತ್ತೀರಿ. ಅತ್ತೆ ಮಧ್ಯೆ ಬಂದು ಊಟ ಆಯಿತಾ ಎನ್ನುತ್ತಾರೆ. ಹಲ್ಲಿನ ಮಾತು ಅಲ್ಲಿಗೇ ನಿಂತುಬಿಡುತ್ತದೆ. ಅದಕ್ಕೇ ಖಾಲಿ ಡಬ್ಬಿಯ ಜೊತೆ ಈ ಕಾಗದ. ಸೀಸೆಗಳಲ್ಲಿ ಗುಲಾಬಿ ಬಣ್ಣದ ದ್ರವವಿದೆ. ಹಲ್ಲು ಕಿತ್ತ ಕೂಡಲೇ ತೊಳೆಯದೆ ಹಾಗೆಯೇ ಅದರೊಳಗೆ ಹಾಕಿ. ಡಬ್ಬಿಗೆ ಬಿಗಿದ ಪ್ಲಾಸ್ಟಿಕ್ ಪಟ್ಟಿ ಬಹಳ ಗಟ್ಟಿ, ದಯವಿಟ್ಟು ಕತ್ತರಿ ಬಳಸಿ.

ನಿಮ್ಮ ಪುಟ್ಟಿ

*

ಜನವರಿ ೨೦

ಪುಟ್ಟಿಗೆ,

ಸಿಟ್ಟಿನ ನಡುವೆ ಬಿಡುವು ಮಾಡಿಕೊಂಡು ಆಶೀರ್ವಾದ ಮಾಡಿದ್ದೇನೆ.

ತೊಳೆದೆ. ತೊಳೆಯದೆ ಏನು ಮಾಡಲಿ? ಕಿತ್ತ ಹಲ್ಲನ್ನು ತೊಳೆದು, ಬೇರು ಕೆರೆದು, ಬಿಳಿ ಹತ್ತಿಯ ಮೇಲಿಟ್ಟು ರೋಗಿಗೆ ತೋರಿಸುವುದು ನಮ್ಮ ಕ್ಲಿನಿಕ್ಕಿನ ಪದ್ಧತಿ. ಕೀಳಿಸಿಕೊಂಡವನಿಗೆ ತನ್ನ ಹಲ್ಲು ನೋಡಿ ಹೆಮ್ಮೆಯಾಗಬೇಕು. ನನ್ನ ಹತ್ತಿರ ಕಲಿಯಲು ಬಂದವರೆಲ್ಲ ಇಕ್ಕಳ ಹಿಡಿಯುವ ಮೊದಲು ತೊಳೆಯುವುದನ್ನು ಕಲಿತವರು. ಎದುರು ಬೀದಿಯಲ್ಲಿ ನನ್ನದಕ್ಕಿಂತ ದೊಡ್ಡ ದೀಪದ ಬೋರ್ಡು ಹಾಕಿಕೊಂಡು ಕೂತಿದ್ದಾಳಲ್ಲ ಆ ಡಾಕ್ಟ್ರಮ್ಮ, ಅವಳೂ ಇಲ್ಲಿ ಮೂರು ವರ್ಷ ಹಲ್ಲು ತೊಳೆದವಳೇ. ಬೋರ್ಡು ಹಾಕಿದಾಗಿನಿಂದ ನಮಗೂ ಅವಳಿಗೂ ಮಾತಿಲ್ಲ. ಇರಲಿ.

ನೀನು ಆರು ವರ್ಷದವಳಿದ್ದಾಗ ಹಲ್ಲು ತೋರಿಸು ಎಂದರೆ ನನ್ನ ಮೇಜಿನ ಕೆಳಗೆ ಅಡಗಿ ಕೂತಿದ್ದೆ, ನೆನಪಿದೆಯೇ? ನಾನೂ ನೆಲದ ಮೇಲೆ ಕೂತು ಬಾಯಿ ತೆಗೆದು ನನ್ನ ದವಡೆ ಹಲ್ಲಿನ ಬೆಳ್ಳಿ ಫಿಲ್ಲಿಂಗ್ ತೋರಿಸಿದೆ. "ಅಯ್ಯೋ, ಮಾವನ ಬಾಯಲ್ಲಿ ಮೀನಿದೆ!" ಎಂದು ಹೊರಗೆ ಬಂದವಳು ನೀನು. ಇವತ್ತಿಗೂ ಹೆದರುವ ಮಕ್ಕಳಿಗೆಲ್ಲ ಅದೇ ಮೀನನ್ನು ತೋರಿಸುತ್ತೇನೆ. ಅಂಥವನಿಗೆ ನೀನು ಹಲ್ಲಿನ ಪಾಠ ಹೇಳುವ ಹಾಗಾಯಿತು. ಆಗಲಿ, ಇನ್ನು ತೊಳೆಯುವುದಿಲ್ಲ.

ಇನ್ನೊಂದು ವಿಷಯ. ನನ್ನೊಬ್ಬ ರೋಗಿಯಿದ್ದಾನೆ. ಅರವತ್ತು ದಾಟಿದವನು, ಮರ್ಯಾದಸ್ಥ. ಎಡಗಡೆ ಅಗಿದರೆ ದವಡೆ ಹಲ್ಲು ಚುಳ್ ಎನ್ನುತ್ತದಂತೆ, ಸ್ವಲ್ಪ ಅಲುಗುತ್ತಲೂ ಇದೆಯಂತೆ. ಕೀಳಿಸಿಕೊಳ್ಳಲು ಅವನಿಗೆ ಮನಸ್ಸಿಲ್ಲ. ನಿನ್ನ ಆ ಸೆಲ್‌ಗಳನ್ನು ಒಂದು ಸೀಸೆಯಲ್ಲಿ ಕಳಿಸಿದರೆ ಒಸಡಿನ ಸಂದಿಗೆ ಬಿಟ್ಟು ನೋಡಬಹುದೇ? ಅವನೇ ಕೇಳಿದ. ನನಗೇನು.

ಮಾವ

*

ಫೆಬ್ರವರಿ ೯

ಮಾವನವರಿಗೆ,

ಎರಡನೇ ಡಬ್ಬಿ ತಲುಪಿತು. ನಾಲ್ಕು ಹಲ್ಲುಗಳಲ್ಲಿ ಮೂರು ಮತ್ತೆ ಮುತ್ತು. ನಾಲ್ಕನೆಯದರ ಬೇರಿನ ಮೇಲೆ ಕೆರೆದ ಗೆರೆಗಳು ಅರ್ಧಕ್ಕೆ ನಿಂತಿವೆ. ಆ ಅರ್ಧದಲ್ಲಿ ನಿಮಗೆ ನನ್ನ ಕಾಗದ ನೆನಪಾಗಿರಬೇಕು.

ಉಳಿದ ಅರ್ಧ ಪೊರೆಯನ್ನೇ ಜೋಪಾನವಾಗಿ ತೆಗೆದು ತಟ್ಟೆಗೆ ಹಾಕಿ ದಿನಾ ಹೋಗಿ ನೋಡಿದೆ. ಬದುಕಿರುವ ಕೋಶಗಳು ತಟ್ಟೆಯ ತಳಕ್ಕೆ ಅಂಟಿಕೊಂಡು ಕೈಕಾಲು ಚಾಚುತ್ತವೆ. ಇವು ಒಂದೂ ಅಂಟಲಿಲ್ಲ. ಎಲ್ಲ ತೇಲಿಕೊಂಡೇ ಹೋದವು.

ನಿಮ್ಮ ಹತ್ತಿರ ಮುಚ್ಚಿಡುವುದೇನು, ನನಗೆ ಭಯವಾಗಿದೆ. ಮೇ ಹತ್ತಕ್ಕೆ ನಮ್ಮ ಲ್ಯಾಬಿನ ವರ್ಷದ ಸಭೆ. ಅಷ್ಟರೊಳಗೆ ಕೋಶ ಬೆಳೆಸಿ ಪ್ರೋಟೀನ್ ತೋರಿಸದಿದ್ದರೆ ಈ ಕೆಲಸವನ್ನು ಪಕ್ಕದ ಮೇಜಿನವನಿಗೆ ಕೊಡುತ್ತಾರೆ. ನಾನು ಬೇರೆಯವರ ತಟ್ಟೆಗಳ ಫೋಟೋ ತೆಗೆದುಕೊಂಡು ಕೂರಬೇಕು. ಮೂರು ವರ್ಷದಿಂದ ಇದನ್ನೇ ನಂಬಿಕೊಂಡಿದ್ದೇನೆ.

ನಿಮ್ಮ ರೋಗಿಯ ವಿಷಯ. ಇವು ಇನ್ನೂ ತಟ್ಟೆಯಲ್ಲೇ ಇರುವ ಕೋಶಗಳು, ಯಾರ ಬಾಯಿಗೂ ಹಾಕುವ ಕಾಲ ಬಂದಿಲ್ಲ. ಮೊದಲು ಎಕ್ಸ್‌ರೇ ತೆಗೆಯಿರಿ. ಅರವತ್ತು ದಾಟಿದ ಗಂಡಸು ಒಂದು ಹಲ್ಲಿಗೆ ಹೆದರಿ ಸೀಸೆಯಲ್ಲಿ ಪವಾಡ ಕೇಳುತ್ತಾನೆಂದರೆ ಎಂಥ ಹೆದರುಪುಕ್ಕಲ ಇರಬೇಕು! ಅವನ ಹೆಂಡತಿಯನ್ನು ನೆನೆದರೆ ಅಯ್ಯೋ ಪಾಪ ಅನ್ನಿಸುತ್ತದೆ.

ಪುಟ್ಟಿ

*

ಫೆಬ್ರವರಿ ೧೫

ಪುಟ್ಟಿಗೆ,

ಅವನು ಹೆದರುಪುಕ್ಕಲನಲ್ಲ, ವಿಚಾರವಂತ. ಕಂಡು ಕೇಳರಿಯದವರ ಬಗ್ಗೆ ಬಾಯಿಗೆ ಬಂದ ಹಾಗೆ ಬರೆಯುವುದನ್ನು ನಿನಗೆ ಯಾರು ಕಲಿಸಿದರು? ಎಕ್ಸ್‌ರೇಗೆ ಅವನದೇ ಒಂದು ಅಡಚಣೆಯಿದೆ. ಇಲ್ಲಿ ಎಕ್ಸ್‌ರೇ ತೆಗೆಯುವವಳು ನಮ್ಮ ನರ್ಸಮ್ಮ. ಅವಳಿಗೆ ತಿಳಿದರೆ ಸಂಜೆಯೊಳಗೆ ಅವನ ಹೆಂಡತಿಗೆ ತಿಳಿಯುತ್ತದೆ. ಆ ಹೆಂಡತಿಯ ಬಗ್ಗೆ ನೀನು ಅಯ್ಯೋ ಪಾಪ ಅನ್ನಬೇಕಾಗಿಲ್ಲ. ಅವಳು ತನ್ನನ್ನು ತಾನು ನೋಡಿಕೊಳ್ಳಬಲ್ಲಳು, ಅವನನ್ನೂ ವಿಚಾರಿಸಿಕೊಳ್ಳಬಲ್ಲಳು.

ನಿನ್ನ ಮೇ ತಿಂಗಳ ಸಭೆಯ ವಿಷಯ ಓದಿ ಮನಸ್ಸಿಗೆ ಕಸಿವಿಸಿಯಾಯಿತು. ನನ್ನ ಕೈಯ ದೋಷ ನಿನ್ನ ಕೆಲಸಕ್ಕೆ ಕುತ್ತು ತರಬಾರದು. ಹಲ್ಲಿಗೆ ತಂತಿ ಕಟ್ಟಿಸಲು ಎರಡು ಹಲ್ಲು ಕೀಳಿಸಿ ಜಾಗ ಮಾಡಬೇಕೆಂದು ಹದಿನೇಳರ ಹುಡುಗಿಯೊಬ್ಬಳು ಬಂದಿದ್ದಳು. ಅವಳೂ ಅವಳ ತಾಯಿಯೂ ಒಪ್ಪಿ ಸಹಿ ಹಾಕಿದ್ದಾರೆ. ಕೀಳುವ ಮೊದಲು ನಲ್ಲಿಗೆ ಬಟ್ಟೆ ಸುತ್ತಿ ಕಟ್ಟಿಸಿದೆ. ಕೆರೆಯುವ ಸಲಾಕೆಯನ್ನು ಬೀರುವಿನಲ್ಲಿಟ್ಟು ಬೀಗದ ಕೈ ನರ್ಸಮ್ಮನಿಗೆ ಕೊಟ್ಟೆ. "ಸಾರ್, ಹುಷಾರಾಗಿದೀರಾ?" ಎಂದು ಅವಳು ನನ್ನ ಹಣೆ ಮುಟ್ಟಿ ನೋಡಿದಳು. ಎರಡು ಹಲ್ಲುಗಳನ್ನೂ ರಕ್ತ ಸಮೇತ ಕಳಿಸಿದ್ದೇನೆ. ನೋಡಿದರೆ ನನಗೇ ಹೇಸಿಗೆ. ನಿನಗೆ ಬೇಕಾದದ್ದು ಇದೇ ಆದರೆ ಇಗೋ, ತಗೋ.

ಮಾವ

*

ಮಾರ್ಚ್ ೮

ಮಾವಾ!

ಅಂಟಿಕೊಂಡವು! ಮೊದಲು ಅಲ್ಲೊಂದು ಇಲ್ಲೊಂದು, ಆಮೇಲೆ ಗುಂಪು ಗುಂಪು, ಈಗ ತಟ್ಟೆಯಲ್ಲಿ ಕಾಲಿಡಲು ಜಾಗವಿಲ್ಲ. ನಿನ್ನೆ ಪ್ರೋಟೀನ್ ಪರೀಕ್ಷೆ ಮಾಡಿದೆವು. ನಾವು ಹುಡುಕುತ್ತಿರುವುದು ಪೆರಿಯೋಸ್ಟಿನ್ ಎಂಬ ಪ್ರೋಟೀನು. ಅಗಿಯುವ ಭಾರವನ್ನು ಹಲ್ಲಿನ ಪೊರೆ ತಡೆದುಕೊಳ್ಳಬೇಕಾದರೆ ಅದು ಬೇಕು. ಅದಕ್ಕೇ ಹೋಗಿ ಅಂಟುವ ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಹಸಿರು ಹೊಳಪು ಕಾಣಬೇಕು. ಕಂಡಿತು ಮಾವ! ನಾನು ಕೂಗಿದ ಕೂಗಿಗೆ ಪಕ್ಕದ ಮೇಜಿನವನು ಕೈಯಲ್ಲಿದ್ದ ಸೀಸೆ ಬೀಳಿಸಿದ. ನನಗೆ ಸ್ವಲ್ಪವೂ ಬೇಜಾರಾಗಲಿಲ್ಲ.

ಈಗ ಒಂದೇ ಒಂದು ಕೊರತೆ. ನನ್ನ ಕೆಲಸ ಎಳೆಯರ ಪೊರೆಗೂ ವಯಸ್ಸಾದವರ ಪೊರೆಗೂ ಇರುವ ವ್ಯತ್ಯಾಸ ನೋಡುವುದು. ಎಳೆಯರದು ಸಿಕ್ಕಿತು. ವಯಸ್ಸಾದವರದು ಒಂದೂ ಇಲ್ಲ. "ಒಂದೇ ಕಡೆ ಇಟ್ಕೊಂಡು ಏನನ್ನ ತೂಗ್ತೀಯಾ?" ಎಂದು ಮೇಡಂ ಕೇಳಿದರು. ಅರವತ್ತು ದಾಟಿದವರ ಒಂದು ಹಲ್ಲಾದರೂ ಏಪ್ರಿಲ್ ಮೊದಲ ವಾರದೊಳಗೆ ಸಿಗದಿದ್ದರೆ ಸಭೆಯ ಹೊತ್ತಿಗೆ ಕೋಶಗಳು ಬೆಳೆಯುವುದಿಲ್ಲ. ಕೆಲಸ ಕೈತಪ್ಪಿದ ಹಾಗೆಯೇ.

ನಿಮ್ಮ ಆ ಮರ್ಯಾದಸ್ಥರನ್ನು ಒಮ್ಮೆ ಕೇಳಬಾರದೇ? ಹೇಗಿದ್ದರೂ ಕೀಳಲೇಬೇಕಾದ ಹಲ್ಲಾದರೆ ಮಾತ್ರ. ಉಳಿಯುವಂತಿದ್ದರೆ ಬೇಡವೇ ಬೇಡ. ಹೆದರುಪುಕ್ಕಲ ಎಂದದ್ದನ್ನು ವಾಪಸ್ಸು ತೆಗೆದುಕೊಂಡಿದ್ದೇನೆ ಎಂದು ಹೇಳಿ.

ಪುಟ್ಟಿ

*

ಮಾರ್ಚ್ ೧೧

ಪುಟ್ಟಿಗೆ,

ಹಸಿರು ಹೊಳಪಿನ ವಿಷಯ ತಿಳಿದು ಬಹಳ ಸಂತೋಷ. ಆ ಹುಡುಗಿಗೂ ಹೇಳಿದೆ, ಅವಳಿಗೆ ಅರ್ಥವಾಗಲಿಲ್ಲ.

ನೀನು ಕೇಳಿದ ರೋಗಿ ಊರಲ್ಲಿಲ್ಲ.

ಮಾವ

*

ಮಾರ್ಚ್ ೩೦

ಮಾವನವರಿಗೆ,

ನಿಮ್ಮಿಂದ ಕಾಗದವಿಲ್ಲ, ಡಬ್ಬಿಯೂ ಇಲ್ಲ. ನಿನ್ನೆ ಫೋನ್ ಮಾಡಿದರೆ ಅತ್ತೆ ಎತ್ತಿದರು. "ನಿಮ್ಮ ಮಾವಂಗೆ ಏನಾಗಿದ್ಯೋ ಗೊತ್ತಿಲ್ಲ ಕಣೇ. ನಾನು ಮಾಡಿದ್ದೆಲ್ಲ ಗಟ್ಟಿ ಅಂತಾರೆ. ಕ್ಯಾರೆಟ್ ಇಟ್ರೆ ಗಟ್ಟಿ, ಸೇಬು ಇಟ್ರೆ ಗಟ್ಟಿ. ನಿನ್ನೆ ಬಾಳೆಹಣ್ಣನ್ನೂ ಅನುಮಾನದಿಂದ ನೋಡಿದ್ರು" ಎಂದು ಕಣ್ಣೀರು ಹಾಕಿಕೊಂಡರು. ಇಷ್ಟು ವರ್ಷ ಬಿಟ್ಟು ಈಗ ಅತ್ತೆಯ ಅಡುಗೆಗೆ ಮೂಗು ಮುರಿಯುವುದು ಏನು ಚೆನ್ನ?

ನನ್ನ ಮೇಲಿನ ಸಿಟ್ಟನ್ನು ಅವರ ಮೇಲೆ ತೀರಿಸಿಕೊಳ್ಳುತ್ತಿದ್ದರೆ ಬೇಡ ಮಾವ. ಹಲ್ಲು ಸಿಗದಿದ್ದರೆ ಬಿಡಿ. ನೀವು ಇಷ್ಟು ಮಾಡಿದ್ದೇ ಹೆಚ್ಚು. ಫೋಟೋ ತೆಗೆಯುವ ಕೆಲಸವೂ ಕೆಲಸವೇ.

ಪುಟ್ಟಿ

*

ಏಪ್ರಿಲ್ ೪

ಪುಟ್ಟಿಗೆ,

ಡಬ್ಬಿಯಲ್ಲಿ ಒಂದು ಸೀಸೆಯಿದೆ. ಗಂಡಸು, ಅರವತ್ತೆರಡು ವರ್ಷ. ಕೆಳಗಿನ ಎಡ ದವಡೆ ಹಲ್ಲು. ಒಂದು ಬೇರು ಸೀಳಿದೆ, ಇನ್ನೊಂದು ಗಟ್ಟಿಮುಟ್ಟಾಗಿದೆ, ಪೊರೆಯೂ ಚೆನ್ನಾಗಿದೆ. ರೋಗಿ ಪೂರ್ತಿ ಎಚ್ಚರದಲ್ಲಿ ಒಪ್ಪಿ ಸಹಿ ಹಾಕಿದ್ದಾನೆ.

ತೊಳೆದಿಲ್ಲ.

ಮಾವ

*

ಏಪ್ರಿಲ್ ೫

ಮಾವ,

ನಮಸ್ಕಾರ ಆಮೇಲೆ. ಇದೇನು ಮಾಡಿದಿರಿ?

ಸೀಸೆಯನ್ನು ಬೆಳಕಿಗೆ ಹಿಡಿದು ತಿರುಗಿಸಿದೆ. ಗುಲಾಬಿ ದ್ರವದೊಳಗಿಂದ ಮೀನು ನನ್ನನ್ನೇ ನೋಡುತ್ತಿತ್ತು. ಬಾಲ ಸ್ವಲ್ಪ ಸವೆದಿದೆ, ಅಷ್ಟೇ. ನಿಮ್ಮ ಮೇಜಿನ ಕೆಳಗಿನಿಂದ ಕಂಡ ಮೀನು ಅದೇ. ಎರಡು ತಿಂಗಳಿಂದ ನಾನು ಹೆದರುಪುಕ್ಕಲ ಎಂದು ಆಡಿಕೊಂಡದ್ದು ಯಾರನ್ನು, ಅಯ್ಯೋ ಪಾಪ ಎಂದದ್ದು ಯಾರ ಹೆಂಡತಿಗೆ ಎಂದು ಆಗ ತಲೆಗೆ ಹೊಳೆಯಿತು. ಸಂಶೋಧನೆ ಮಾಡುವವಳಂತೆ ನಾನು! ನರ್ಸಮ್ಮ, ಬಾಳೆಹಣ್ಣು, ಎಲ್ಲ ಕಣ್ಣ ಮುಂದೆಯೇ ಇತ್ತು.

ನಿಂತಲ್ಲೇ ಅಳು ಬಂತು. ಆದರೆ ಆ ಪೊರೆ ನನ್ನ ಅಳುವಿಗೆ ಕಾಯುವುದಿಲ್ಲ. ಕೈಗವಸು ಹಾಕಿಕೊಂಡ ಮೇಲೆ ಕಣ್ಣು ಒರೆಸಿಕೊಳ್ಳುವ ಹಾಗೂ ಇಲ್ಲ. "ಮೇಡಂ, ಇದು ನಮ್ಮ ಮಾವನ ಹಲ್ಲು" ಎಂದೆ.  "ಕೆರೆಯೋದು ನೀನೇ ಕೆರಿ. ಬೇರೆಯವರು ಮುಟ್ಟಿದ್ರೆ ನಿಂಗೆ ಸಮಾಧಾನ ಇರಲ್ಲ. ಎಣಿಸೋದು, ಅಳೆಯೋದು ಮಾತ್ರ ಬೇರೆಯವರು. ಮಾವ ಅಂತ ನೀನು ಎರಡು ಜಾಸ್ತಿ ಎಣಿಸಿಬಿಟ್ಟೀಯ" ಎಂದು ನನ್ನ ಕಣ್ಣು ಅವರೇ ಒರೆಸಿದರು. ಆಮೇಲೆ ಸಲಾಕೆ ಎತ್ತಿಕೊಂಡು ಕೆರೆಯಲು ಕೂತೆ.

ಒಂದು ಮಾತಿಗೆ ಉತ್ತರ ಬೇಕು. ನನಗೋಸ್ಕರ ಕೀಳಿಸಿಕೊಂಡಿರಾ? ಉಳಿಯುವ ಹಲ್ಲನ್ನು ಕೀಳಿಸಿಕೊಂಡಿದ್ದರೆ ನಾನು ನಿಮ್ಮ ಜೊತೆ ಮಾತೇ ಆಡುವುದಿಲ್ಲ. ನಿಜ ಬರೆಯಿರಿ. ಡಾಕ್ಟರ ಹಾಗೆ ಬೇಡ, ರೋಗಿಯ ಹಾಗೆ ಬರೆಯಿರಿ.

ಪುಟ್ಟಿ

*

ಏಪ್ರಿಲ್ ೧೪

ಪುಟ್ಟಿಗೆ,

ರೋಗಿಯ ಹಾಗೆಯೇ ಬರೆಯುತ್ತೇನೆ. ನನಗೆ ಹೆದರಿಕೆಯಾಗಿತ್ತು. ಮೂವತ್ತೈದು ವರ್ಷ ಜನರಿಗೆ "ಏನೂ ಆಗಲ್ಲ, ಬಾಯಿ ತೆಗೀರಿ" ಎಂದವನಿಗೆ ತನ್ನ ಬಾಯಿ ತೆಗೆಯಲು ಧೈರ್ಯ ಬರಲಿಲ್ಲ. ಹಲ್ಲಿನ ಡಾಕ್ಟರ ಹಲ್ಲೇ ಹೋಯಿತಂತೆ ಎಂದು ಊರವರು ನಗುತ್ತಾರಲ್ಲ ಎಂಬ ಚಿಂತೆ ಬೇರೆ. "ಫೋಟೋ ತೆಗೆಯುವ ಕೆಲಸವೂ ಕೆಲಸವೇ" ಎಂದು ನೀನು ಬರೆದದ್ದನ್ನು ಓದಿದ ಮೇಲೆ ಕೂತಲ್ಲಿ ಕೂರಲು ಆಗಲಿಲ್ಲ. ಎದ್ದವನೇ ರಸ್ತೆ ದಾಟಿದೆ.

ಡಾಕ್ಟ್ರಮ್ಮ ನನ್ನನ್ನು ಕಂಡು ಎದ್ದು ನಿಂತಳು. "ಬನ್ನಿ ಸಾರ್" ಎಂದಳು. ಬೋರ್ಡಿನ ವಿಷಯ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಎಕ್ಸ್‌ರೇ ತೆಗೆದು ನನ್ನ ಮುಂದೆ ಹಿಡಿದು, "ಬೇರು ಸೀಳಿದೆ ಸಾರ್. ನೀವಾಗಿದ್ರೆ ಏನ್ ಹೇಳ್ತಿದ್ರಿ?" ಎಂದಳು. ಕೀಳಬೇಕು ಎಂದು ನಾನೇ ಹೇಳಿದೆ. ಆದ್ದರಿಂದ ನೀನು ಎದೆಗೆ ಹಚ್ಚಿಕೊಳ್ಳಬೇಡ. ಹಲ್ಲು ಹೇಗೂ ಹೋಗುವುದಿತ್ತು. ನಿನ್ನಿಂದಾಗಿ ಬೇಗ ಹೋಯಿತು, ನೋವು ಉಳಿಯಿತು. ಅಂದರೆ ನೋವು ಅನುಭವಿಸುವುದು ತಪ್ಪಿತು.

"ಸ್ವಲ್ಪ ಒತ್ತಿದ ಹಾಗಾಗುತ್ತೆ, ಅಷ್ಟೇ ಸಾರ್" ಎಂದಳು. ಆ ಸುಳ್ಳನ್ನು ಅವಳಿಗೆ ಕಲಿಸಿದವನು ನಾನೇ. ನಾನು ಇನ್ನೊಂದು ಇಂಜೆಕ್ಷನ್ ಕೇಳಿದೆ. ಇದನ್ನು ಯಾರಿಗೂ ಹೇಳಬೇಡ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕಿತ್ತಳು, ಹುಡುಗಿಯ ಕೈ ಚೆನ್ನಾಗಿ ಪಳಗಿದೆ. ಆಮೇಲೆ ನಡೆದದ್ದು ಕೇಳು. ನನ್ನ ಶಿಷ್ಯೆಯಲ್ಲವೇ, ಹಲ್ಲು ಹಿಡಿದುಕೊಂಡು ಸೀದಾ ನಲ್ಲಿಯ ಕಡೆ ತಿರುಗಿದಳು! ಬಾಯಿ ತುಂಬ ಹತ್ತಿ, ಅರ್ಧ ಮುಖ ಮರಗಟ್ಟಿದೆ. ಕುರ್ಚಿಯಿಂದ ಹಾರಿ "ಥೊಳೀಬೇಥಾ!" ಎಂದು ಕೂಗಿದೆ. ಹೊರಗೆ ಕೂತಿದ್ದ ಇಬ್ಬರು ರೋಗಿಗಳು ಎದ್ದು ಮನೆಗೆ ಹೋದರಂತೆ. ಅವಳು ಹಲ್ಲು ಹಿಡಿದುಕೊಂಡೇ ಗೋಡೆಗೆ ಒರಗಿ ನಕ್ಕಳು. ನಾನೂ ನಕ್ಕೆ, ನಗು ಒಂದೇ ಕಡೆ ಬಂತು.

ಮಾವ

ಪುಟ್ಟೀ, ನಾನು ನಿಮ್ಮತ್ತೆ. ಕೊನೇಲಿ ಜಾಗ ಇತ್ತು, ಬರೀತಿದೀನಿ. ಬೇರು ಹೆಂಗೆ ಸೀಳ್ತು ಅಂತ ಇವರು ಬರೆದೇ ಇಲ್ಲ ನೋಡು! ನೀನು ಮೊದಲ ಸಲ ಡಬ್ಬಿ ಕಳಿಸಿದಾಗ ಕತ್ತರಿ ಹುಡುಕೋ ತಾಳ್ಮೆ ಇಲ್ದೆ ಆ ಪ್ಲಾಸ್ಟಿಕ್ ಪಟ್ಟಿನ ಹಲ್ಲಲ್ಲಿ ಕಚ್ಚಿ ಎಳೆದ್ರು. ಕಟ್ ಅಂತು. ಪಟ್ಟಿ ಇರಬೇಕು ಅಂದ್ಕೊಂಡೆ. ಕ್ಲಿನಿಕ್ ಗೋಡೆ ಮೇಲೆ "ಹಲ್ಲು ಕತ್ತರಿಯಲ್ಲ" ಅಂತ ಬೋರ್ಡ್ ಹಾಕಿರೋ ಡಾಕ್ಟ್ರು ಇವರು. ನನ್ನ ಅಡುಗೆ ಮೇಲೆ ಗೂಬೆ ಕೂರಿಸಿದ್ದಕ್ಕೆ ಇನ್ನೂ ಒಂದು ತಿಂಗಳು ಗಂಜಿನೇ ಹಾಕ್ತೀನಿ. ನೀನು ಊಟ ಮಾಡ್ತಿದೀಯಾ?

*

ಮೇ ೧೨

ಮಾವನವರಿಗೆ, ಅತ್ತೆಗೆ,

ಊಟ ಮಾಡುತ್ತಿದ್ದೇನೆ. ಇವತ್ತು ಎರಡು ಸಲ ಬಡಿಸಿಕೊಂಡೆ. ಯಾಕೆಂದರೆ ಸಭೆ ಮುಗಿಯಿತು, ಕೆಲಸ ನನ್ನ ಕೈಯಲ್ಲೇ ಉಳಿಯಿತು!

ಮಾವ, ನಿಮ್ಮ ಕೋಶಗಳು ನಿಮ್ಮ ಹಾಗೆಯೇ. ಮೊದಲ ವಾರ ಒಂದೂ ಅಲುಗಲಿಲ್ಲ, ನನ್ನ ಜೀವ ಹೋಗಿ ಬಂತು. ಎರಡನೆಯ ವಾರ ಮೂಲೆಯಲ್ಲಿ ಒಂದು ಚಿಕ್ಕ ಗುಂಪು ಅಂಟಿಕೊಂಡಿತು. ಅಂಟಿದ್ದು ಬಿಡಲೇ ಇಲ್ಲ. ಹುಡುಗಿಯದರಷ್ಟು ಬೆಳೆಯಲಿಲ್ಲ, ಪೆರಿಯೋಸ್ಟಿನ್ ಅವಳದರ ಮೂರರಲ್ಲೊಂದು ಪಾಲು ಮಾತ್ರ. ಆದರೂ ಹಸಿರು ಕಂಡಿತು. ಎಣಿಸಿದವನು ಪಕ್ಕದ ಮೇಜಿನವನೇ, ಮೋಸವಿಲ್ಲ. ಎರಡು ಬಾಯಿಗಳಿಂದ ಏನೂ ಸಾಬೀತಾಗುವುದಿಲ್ಲ, ಇನ್ನೂ ಬಹಳ ಹಲ್ಲು ಬೇಕು. ಆದರೆ ಆ ಮಂದ ಹಸಿರಿನ ಚಿತ್ರ ತೆರೆಯ ಮೇಲೆ ಬಂದಾಗ ನನ್ನ ಕಣ್ಣು ತುಂಬಿತು. ಸಭೆಯಲ್ಲಿದ್ದವರಿಗೆ ಅದು ಒಂಬತ್ತನೇ ನಂಬರಿನ ತಟ್ಟೆ. ನನಗೆ ಮಾವ.

ಮೇಡಂ ಒಪ್ಪಿಗೆ ಕೊಟ್ಟಿದ್ದಾರೆ. ಡಬ್ಬಿಯ ತಳದಲ್ಲಿ ನಿಮ್ಮದೊಂದು ವಸ್ತು ವಾಪಸ್ಸು ಬರುತ್ತಿದೆ. ಔಷಧಿಯಲ್ಲಿ ನೆನೆಸಿ, ಬೇರು ಕೆರೆದು, ಉಜ್ಜಿ, ಬಿಳಿ ಹತ್ತಿಯ ಮೇಲಿಟ್ಟಿದ್ದೇನೆ. ನಿಮ್ಮ ಕ್ಲಿನಿಕ್ಕಿನ ಪದ್ಧತಿ. ಈ ಸಲ ಡಬ್ಬಿಗೆ ಪಟ್ಟಿಯಿಲ್ಲ, ದಾರ ಕಟ್ಟಿದ್ದೇನೆ.

ಪುಟ್ಟಿ

*

ಮೇ ೧೯

ಪುಟ್ಟಿಗೆ,

ದಾರವನ್ನು ಕೈಯಿಂದಲೇ ಬಿಚ್ಚಿದೆ. ನಿಮ್ಮತ್ತೆ ಪಕ್ಕದಲ್ಲೇ ನಿಂತಿದ್ದಳು.

ಕೆಲಸ ಉಳಿದದ್ದಕ್ಕೆ ನಾನೂ ಅವಳೂ ಬಹಳ ಸಂತೋಷಪಟ್ಟೆವು. ಆಮೇಲೆ ಅವಳು ಹೋಗಿ ಕ್ಯಾರೆಟ್ ಹೆಚ್ಚಿ ತಂದಳು. ಬಲಗಡೆಯಿಂದ ತಿಂದೆ.

ಮೂರರಲ್ಲೊಂದು ಪಾಲು ಎಂದು ಬರೆದಿದ್ದೀಯ. ಪಕ್ಕದ ಮೇಜಿನವನಿಗೆ ಕನ್ನಡಕ ಬದಲಾಯಿಸಿಕೊಂಡು ಇನ್ನೊಮ್ಮೆ ಎಣಿಸಲು ಹೇಳು. ಹಲ್ಲನ್ನು ನೀನು ತೊಳೆದದ್ದು ಪರವಾಗಿಲ್ಲ, ಆದರೆ ಬೇರುಗಳ ಕವಲಿನಲ್ಲಿ ಇನ್ನೂ ಕೊಳೆಯಿದೆ. ಡಾಕ್ಟ್ರಮ್ಮನೂ ನೋಡಿ ಅದನ್ನೇ ಹೇಳಿದಳು. ಖಾಲಿ ಜಾಗಕ್ಕೆ ಅವಳೇ ಹೊಸ ಹಲ್ಲು ಕೂರಿಸುತ್ತಾಳೆ. ಹೊಸದರ ಮೇಲೆ ಮೀನು ಇರುವುದಿಲ್ಲ.

ನಿನ್ನೆ ಒಬ್ಬ ಪುಟ್ಟ ಹುಡುಗಿ ಬಂದಿದ್ದಳು. ಕುರ್ಚಿ ನೋಡಿದ್ದೇ ತಡ, ಮೇಜಿನ ಕೆಳಗೆ ಸೇರಿಕೊಂಡಳು. ನಾನೂ ನೆಲದ ಮೇಲೆ ಕೂತು ಅಭ್ಯಾಸದಂತೆ ಬಾಯಿ ತೆಗೆದೆ. ತೆಗೆದ ಮೇಲೆ ಅಲ್ಲಿ ಏನೂ ಇಲ್ಲ ಎಂದು ನೆನಪಾಯಿತು.  ಆಮೇಲೆ ಜೇಬಿನಿಂದ ನೀನು ಕಳಿಸಿದ ಹತ್ತಿಯನ್ನು ತೆಗೆದು ಬಿಚ್ಚಿದೆ. ಅವಳು ತೆವಳಿಕೊಂಡು ಹತ್ತಿರ ಬಂದು ಬೆರಳಿನಿಂದ ಮುಟ್ಟಿ ನೋಡಿದಳು.

"ಮೀನು! ಇದು ಎಲ್ಲಿತ್ತು?" ಎಂದಳು.

"ನನ್ನ ಬಾಯಲ್ಲಿತ್ತು. ನನ್ನ ಸೊಸೆ ಹತ್ರ ಹೋಗಿ ಬಂತು" ಎಂದೆ.

"ತೆಗೆಯೋವಾಗ ನೋವಾಯ್ತಾ?"

ಮೂವತ್ತೈದು ವರ್ಷ ಇಲ್ಲ ಎಂದು ಹೇಳಿದವನು ನಾನು. "ಸ್ವಲ್ಪ ಆಯ್ತು. ಹೆದರಿಕೆ ಜಾಸ್ತಿ ಆಯ್ತು" ಎಂದೆ.

ಅವಳು ಮೇಜಿನ ಕೆಳಗಿನಿಂದ ಪೂರ್ತಿ ಹೊರಗೆ ಬಂದಳು. ಆಮೇಲೆ ಮೀನನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಬಾಯಿ ತೆಗೆದಳು.

ಮಾವ